ನಿಮಗಿದು ಗೊತ್ತೇ? ಕಲ್ಲು ಹೆಕ್ಕುವವರಿಗೂ ಒಂದು ಸಂಘ!

ಅಂಚೆಚೀಟಿ ಕೂಡಿಡುವವರನ್ನು ನೋಡಿದ್ದೀರಿ. ಹಳೆಯ ನಾಣ್ಯ ಕೂಡಿಡುವವರನ್ನೂ ನೋಡಿದ್ದೀರಿ. ಬರೀ ಕಲ್ಲು ಕೂಡಿಡುವವರನ್ನು? ಅಮೆರಿಕದಲ್ಲಿ ಇಂಥವರದೇ ನೂರಾರು ಸಂಘಗಳಿವೆ! ತಿಂಗಳಿಗೊಂದು ಸಭೆ. ಕಾಫಿ ಉಂಟು, ಕೇಕು ಉಂಟು, ಮೇಜಿನ ತುಂಬ ಕಲ್ಲು ಉಂಟು. ಮೇಷ್ಟ್ರು, ನರ್ಸು, ಲಾರಿ ಚಾಲಕ, ನಿವೃತ್ತ ಗುಮಾಸ್ತ, ಎಲ್ಲರೂ ಒಂದೇ ಬೆಂಚಿನಲ್ಲಿ!

ಈ ಊರೂರ ಸಂಘಗಳಿಗೆ ಮೇಲೊಂದು ದೇಶಮಟ್ಟದ ಒಕ್ಕೂಟವೂ ಇದೆ. ಅದು ಹುಟ್ಟಿದ್ದು 1947ರಲ್ಲಿ. ಅದರ ಕೆಳಗೆ ಏಳು ಪ್ರಾದೇಶಿಕ ಒಕ್ಕೂಟಗಳು. ನಮ್ಮಲ್ಲಿ ಹಾಲಿಗೆ ಒಕ್ಕೂಟ ಇರುವ ಹಾಗೆ ಅಲ್ಲಿ ಕಲ್ಲಿಗೆ!

ಇವರನ್ನು ಅಲ್ಲಿ 'ರಾಕ್‌ಹೌಂಡ್' ಎಂದು ಕರೆಯುತ್ತಾರೆ. ಅಂದರೆ ಕಲ್ಲಿನ ಬೇಟೆನಾಯಿ! ಸಂಘಕ್ಕೆ ಬರುವ ಮಕ್ಕಳಿಗೆ 'ಪೆಬಲ್ ಪಪ್' ಎಂದು ಹೆಸರು. ಅಂದರೆ ಬೆಣಚುಕಲ್ಲಿನ ನಾಯಿಮರಿ! ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹೆಮ್ಮೆಯಿಂದ ಅಂಗಿಯ ಮೇಲೆ ಬರೆಸಿಕೊಳ್ಳುತ್ತಾರೆ.

ಹಳೆಯ ಸಂಘ ಎಲ್ಲಿಯದು ಗೊತ್ತೇ? ಗಣಿಯ ಊರಿನದು ಅಂದುಕೊಂಡರೆ ಸೋತಿರಿ. ಗಗನಚುಂಬಿಗಳ ನ್ಯೂಯಾರ್ಕಿನದು! ನ್ಯೂಯಾರ್ಕ್ ಮಿನರಲಾಜಿಕಲ್ ಕ್ಲಬ್ ಶುರುವಾದದ್ದು 1886ರಲ್ಲಿ. ಅಮೆರಿಕದಲ್ಲಿ ಇಂದಿಗೂ ನಡೆಯುತ್ತಿರುವ ಅತಿ ಹಳೆಯ ಖನಿಜ ಸಂಘಗಳಲ್ಲಿ ಅದೂ ಒಂದು.

ಆಗ ಮ್ಯಾನ್‌ಹಾಟನ್ನಿನಲ್ಲಿ ಎಲ್ಲಿ ನೋಡಿದರೂ ಅಗೆತ. ಮನೆಯ ಪಾಯ, ಚರಂಡಿ, ರಸ್ತೆ. ನಮ್ಮ ಬೆಂಗಳೂರಿನ ಹಾಗೆಯೇ ಅನ್ನಿ! ಈ ಮಂದಿ ಸುತ್ತಿಗೆ ಹಿಡಿದು ಗುಂಡಿಯಿಂದ ಗುಂಡಿಗೆ ಓಡುತ್ತಿದ್ದರು. ಆ ಒಂದು ದ್ವೀಪದಲ್ಲೇ ನೂರಕ್ಕೂ ಹೆಚ್ಚು ಬಗೆಯ ಖನಿಜಗಳು ಸಿಕ್ಕಿವೆ!

ಅದರಲ್ಲೊಂದು ಮಹಾರಾಯ ಕಲ್ಲು. 1885ರಲ್ಲಿ ಪಶ್ಚಿಮ 35ನೇ ಬೀದಿಯಲ್ಲಿ ಅಗೆಯುವಾಗ ಎದ್ದುಬಂದ ಗಾರ್ನೆಟ್ ಹರಳು. ತೂಕ ಸುಮಾರು 4.4 ಕಿಲೋ! ತೆಂಗಿನಕಾಯಿ ಗಾತ್ರದ ಒಂದೇ ಹರಳು! ನಮ್ಮ ನವರತ್ನದ ಗೋಮೇಧಿಕವೂ ಗಾರ್ನೆಟ್ ಮನೆತನದ್ದೇ. ಉಂಗುರದಲ್ಲಿ ಕಡಲೆಕಾಳಿನಷ್ಟು ಕೂರುವ ಕಲ್ಲು ತೆಂಗಿನಕಾಯಿ ಗಾತ್ರದಲ್ಲಿ ಸಿಕ್ಕರೆ ಹೇಗಿರಬೇಡ!

ಅದರ ಹೆಸರು 'ಸಬ್‌ವೇ ಗಾರ್ನೆಟ್'. ಸುರಂಗ ರೈಲಿನ ಗಾರ್ನೆಟ್ ಅಂತ. ತಮಾಷೆ ನೋಡಿ: ನ್ಯೂಯಾರ್ಕಿನ ಸುರಂಗ ರೈಲು ಓಡಿದ್ದೇ 1904ರಲ್ಲಿ, ಕಲ್ಲು ಸಿಕ್ಕಿ ಹತ್ತೊಂಬತ್ತು ವರ್ಷವಾದ ಮೇಲೆ! ಅದು ನಿಜಕ್ಕೂ ಸಿಕ್ಕಿದ್ದು ಚರಂಡಿ ತೋಡುವಾಗ. 'ಚರಂಡಿ ಗಾರ್ನೆಟ್' ಅಂದರೆ ಮರ್ಯಾದೆ ಎಲ್ಲಿ ಉಳಿಯುತ್ತದೆ ಹೇಳಿ!

ಇನ್ನೂ ಇದೆ. ಅದರ ಬೆಲೆ ತಿಳಿಯುವವರೆಗೆ ಯಾವುದೋ ಕಚೇರಿಯಲ್ಲಿ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಡುತ್ತಿದ್ದರಂತೆ! ಇದು ಕಲ್ಲುಪ್ರಿಯರು ಹೇಳಿಕೊಂಡು ಬಂದ ಕಥೆ. ಈಗ ಅದು ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ ರಾಜನ ಹಾಗೆ ಕೂತಿದೆ.

ಆ ನ್ಯೂಯಾರ್ಕ್ ಸಂಘ ಕಟ್ಟಿದವರಲ್ಲಿ ಒಬ್ಬರು ಜಾರ್ಜ್ ಫ್ರೆಡರಿಕ್ ಕುಂಜ್. ಹುಡುಗನಾಗಿದ್ದಾಗಲೇ ಕಲ್ಲು ಹೆಕ್ಕುವ ಹುಚ್ಚು. ಇನ್ನೂ ಎಳೆಯ ವಯಸ್ಸಿನಲ್ಲೇ ಸುಮಾರು 4,000 ಕಲ್ಲು ಕೂಡಿಸಿ ಮಿನ್ನೆಸೋಟ ವಿಶ್ವವಿದ್ಯಾಲಯಕ್ಕೆ 400 ಡಾಲರಿಗೆ ಮಾರಿದರು. ಲೆಕ್ಕ ಹಾಕಿ: ಕಲ್ಲಿಗೆ ಹತ್ತು ಸೆಂಟು!

ಆಮೇಲೆ ಅದೇ ಹುಡುಗ ಟಿಫನಿ ಎಂಬ ದೊಡ್ಡ ಆಭರಣದಂಗಡಿಯ ರತ್ನತಜ್ಞನಾದ. ನಸುಗೆಂಪು-ನೇರಳೆ ಬಣ್ಣದ ಒಂದು ರತ್ನಕ್ಕೆ ಅವನದೇ ಹೆಸರಿಟ್ಟರು: ಕುಂಜೈಟ್! ಹುಚ್ಚು ಹೊಟ್ಟೆಗೂ ಹಾಕಿತು, ಹೆಸರನ್ನೂ ಉಳಿಸಿತು.

ಒಂದು ನಿಯಮ ಕೇಳಿ. ಹೊಸ ಖನಿಜ ಕಂಡುಹಿಡಿದವರು ಅದಕ್ಕೆ ತಮ್ಮ ಹೆಸರನ್ನು ತಾವೇ ಇಟ್ಟುಕೊಳ್ಳುವಂತಿಲ್ಲ! ಬೇರೆಯವರು ಇಡಬೇಕು. ಇದನ್ನೆಲ್ಲ ನೋಡಿಕೊಳ್ಳಲು ಅಂತರರಾಷ್ಟ್ರೀಯ ಸಂಸ್ಥೆಯೇ ಇದೆ. ಅದು ಒಪ್ಪಿದ ಖನಿಜಗಳು ಈಗ 6,000 ದಾಟಿವೆ.

ಆ ಪಟ್ಟಿಯಲ್ಲಿ ಮಂಜುಗಡ್ಡೆಯೂ ಇದೆ! ಹೌದು, ಹಿಮಾಲಯದ ಮಂಜುಗಡ್ಡೆ ಒಂದು ಖನಿಜ. ನಿಮ್ಮ ಫ್ರಿಜ್ಜಿನ ಐಸ್ ಮಾತ್ರ ಅಲ್ಲ. ಅದನ್ನು ಮಾಡಿದ್ದು ನೀವು, ಪ್ರಕೃತಿಯಲ್ಲ!

ಸರಿ, ಸಂಘದ ಸಭೆಗೆ ಬನ್ನಿ. ಅಲ್ಲಿ ಹರಾಜು ನಡೆಯುತ್ತದೆ, ಆದರೆ ಕೂಗಾಟವೇ ಇಲ್ಲ! ಒಂದೊಂದು ಕಲ್ಲಿನ ಪಕ್ಕ ಒಂದೊಂದು ಚೀಟಿ. ಬೇಕಾದವರು ಪೆನ್ಸಿಲಿನಲ್ಲಿ ಹೆಸರು, ಮೊತ್ತ ಬರೆದು ಹೋಗುತ್ತಾರೆ. ಮುಂದಿನವರು ಅದರ ಕೆಳಗೆ ಹೆಚ್ಚು ಬರೆಯುತ್ತಾರೆ. ಇದೇ ಮೌನ ಹರಾಜು. ಹೊತ್ತು ಮುಗಿಯುವ ಕೊನೆಯ ನಿಮಿಷದಲ್ಲಿ ಸಭ್ಯರೆಲ್ಲ ಮೇಜಿನ ಸುತ್ತ ಸುಮ್ಮನೆ ಸುಳಿದಾಡುವುದನ್ನು ನೆನೆಸಿಕೊಳ್ಳಿ!

ಕಲ್ಲಿಗಿಂತ ಚೀಟಿಗೆ ಬೆಲೆ ಅಂದರೆ ನಂಬುತ್ತೀರಾ? ಯಾವ ಊರು, ಯಾವ ಗಣಿ, ಯಾರ ಕೈಯಿಂದ ಬಂತು ಎಂದು ಬರೆದ ಹಳೆಯ ಕಾಗದದ ಚೂರು ಕಳೆದರೆ ಕಲ್ಲಿನ ಬೆಲೆ ಧಡಕ್ಕನೆ ಇಳಿಯುತ್ತದೆ! ಹಾಗಾಗಿ ಹೊಸ ಚೀಟಿ ಬರೆದರೂ ಹಳೆಯದನ್ನು ಎಸೆಯುವುದಿಲ್ಲ. ಒಂದು ಕಲ್ಲಿನ ಕೆಳಗೆ ಅಜ್ಜ, ಮುತ್ತಜ್ಜನ ಕಾಲದ ಚೀಟಿಗಳ ಸಾಲೇ ಇರುತ್ತದೆ. ಥೇಟ್ ನಮ್ಮ ಜಮೀನಿನ ಪಹಣಿ!

ದೊಡ್ಡ ಕಲ್ಲೇ ಗೆಲ್ಲುತ್ತದೆ ಅಂದುಕೊಳ್ಳಬೇಡಿ. ಸ್ಪರ್ಧೆಯಲ್ಲಿ 'ಥಂಬ್‌ನೇಲ್' ಎಂಬ ವರ್ಗವಿದೆ. ಹೆಬ್ಬೆರಳ ಉಗುರು! ಉದ್ದ, ಅಗಲ, ಎತ್ತರ ಒಂದೊಂದು ಅಂಗುಲದ ಡಬ್ಬಿಯೊಳಗೆ ಕಲ್ಲು ಕೂರಬೇಕು. ಕೂದಲೆಳೆ ಆಚೆ ಇಣುಕಿತೋ, ಹೊರಗೆ!

ಅದಕ್ಕಿಂತ ಚಿಕ್ಕದನ್ನೂ ಕೂಡಿಡುತ್ತಾರೆ. ಸೂಕ್ಷ್ಮದರ್ಶಕ ಇಲ್ಲದೆ ಕಾಣುವುದೇ ಇಲ್ಲ. ಸಾಸಿವೆಗಿಂತ ಸಣ್ಣ ಹರಳನ್ನು ಕಾರ್ಕಿನ ತುದಿಗೋ, ಕಳ್ಳಿ ಮುಳ್ಳಿನ ತುದಿಗೋ ಅಂಟಿಸಿ ಪುಟ್ಟ ಡಬ್ಬಿಯಲ್ಲಿಡುತ್ತಾರೆ. ಸಾವಿರ ಕಲ್ಲಿದ್ದರೂ ಒಂದು ಕಪಾಟು ಸಾಕು. ಮನೆಯಾಕೆಯ ಬೈಗುಳವೂ ಕಡಿಮೆ! ಬಾಲ್ಟಿಮೋರಿನ ಖನಿಜ ಸಂಘ ಈ ಚಿಲ್ಟುಕಲ್ಲಿನ ವೀರರಿಗಾಗಿಯೇ ಒಂದು 'ಹಾಲ್ ಆಫ್ ಫೇಮ್' ನಡೆಸುತ್ತದೆ!

ಇನ್ನು ಹೊರಸಂಚಾರ. ಹೆಲ್ಮೆಟ್ಟು, ಕನ್ನಡಕ, ಸುತ್ತಿಗೆ, ಉಳಿ, ಹಳೆಯ ಪತ್ರಿಕೆ. ಪತ್ರಿಕೆ ಓದಲಿಕ್ಕಲ್ಲ, ಕಲ್ಲು ಸುತ್ತಲಿಕ್ಕೆ! ನನ್ನಂಥ ಅಂಕಣಕಾರರಿಗೆ ಇದು ಸ್ವಲ್ಪ ನೋವಿನ ಸಂಗತಿ.

ಹೊಸಬರು ಏನೋ ಕಲ್ಲು ಎತ್ತಿ ತಂದು "ಇದೇನು?" ಅಂದರೆ ಹಳಬರು ಗಂಭೀರವಾಗಿ "ಲೀವರೈಟ್" ಅನ್ನುತ್ತಾರೆ. ಏನೋ ಅಪರೂಪದ ಖನಿಜ ಅಂತ ಹೊಸಬರು ಹಿಗ್ಗುತ್ತಾರೆ. ಇಂಗ್ಲಿಷಿನಲ್ಲಿ ಬೇಗ ಬೇಗ ಹೇಳಿದರೆ ಅದರ ಅರ್ಥ 'ಅದನ್ನು ಅಲ್ಲೇ ಬಿಡು'! ಕನ್ನಡದಲ್ಲಿ 'ಅಲ್ಲೇಬಿಡೈಟ್' ಅನ್ನಬಹುದೇನೋ.

ಕಲ್ಲು ನೆಕ್ಕುವವರನ್ನು ಕಂಡರೆ ನಗಬೇಡಿ. ಒದ್ದೆ ಮಾಡಿದರೆ ಕಲ್ಲಿನ ಬಣ್ಣ, ಕಣ ಚೆನ್ನಾಗಿ ಕಾಣುತ್ತವೆ. ಭೂವಿಜ್ಞಾನಿಗಳು ಕಲ್ಲನ್ನು ಯಾಕೆ ನೆಕ್ಕುತ್ತಾರೆ ಎಂದು ವಿವರಿಸಿದ್ದಕ್ಕೆ 2023ರಲ್ಲಿ ಇಗ್ ನೊಬೆಲ್ ಎಂಬ ನಗೆ ಪ್ರಶಸ್ತಿಯೇ ಸಿಕ್ಕಿತು! ನೀವು ಮಾತ್ರ ನೆಕ್ಕಲು ಹೋಗಬೇಡಿ. ಕೆಲವು ಖನಿಜಗಳಲ್ಲಿ ಪಾಷಾಣ ಇರುತ್ತದೆ.

ಈಗ ನನಗೆ ತುಂಬ ಇಷ್ಟವಾದ ಜಾಗಕ್ಕೆ ಕರೆದೊಯ್ಯುತ್ತೇನೆ. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಸರ್ಲ್ಸ್ ಲೇಕ್ ಅಂತ ಒಂದು ಒಣ ಕೆರೆ. ದಂಡೆಯಲ್ಲಿ ಟ್ರೋನಾ ಎಂಬ ಪುಟ್ಟ ಊರು. ಊರಿನ ಹೆಸರೇ ಒಂದು ಖನಿಜದ ಹೆಸರು! ಮಣ್ಣಿನಲ್ಲಿ ಉಪ್ಪು ಎಷ್ಟೆಂದರೆ ಹೈಸ್ಕೂಲಿನ ಫುಟ್‌ಬಾಲ್ ಮೈದಾನದಲ್ಲಿ ಒಂದು ಎಸಳು ಹುಲ್ಲಿಲ್ಲ. ಹುಡುಗರು ಬರೀ ಮಣ್ಣಿನ ಮೇಲೆ ಬಿದ್ದು ಏಳುತ್ತಾರೆ!

ಅಲ್ಲಿನ ಸಂಘ ನಡೆಸಿಕೊಂಡು ಬಂದ ಜಾತ್ರೆಯ ಹೆಸರು ಜೆಮ್-ಓ-ರಾಮ. ಅಕ್ಟೋಬರಿನ ಎರಡು ದಿನ. ಕೆರೆಯೊಳಗಿನ ಕರಿ ಕೆಸರನ್ನು ಯಂತ್ರದಿಂದ ಎತ್ತಿ ಗುಡ್ಡೆ ಹಾಕುತ್ತಾರೆ. ಜನ ಅದರ ಮೇಲೆ ಬೀಳುತ್ತಾರೆ! ಅಜ್ಜಿಯಂದಿರು, ಮಕ್ಕಳು, ಇಂಜಿನಿಯರುಗಳು, ಎಲ್ಲರ ಮೈಯೂ ಎಮ್ಮೆಯ ಬಣ್ಣ. ವಾಸನೆಯೋ, ಕೇಳಬೇಡಿ!

ಇಷ್ಟೆಲ್ಲ ಒದ್ದಾಟ ಹ್ಯಾಂಕ್ಸೈಟ್ ಎಂಬ ಆರು ಮುಖದ ಹರಳಿಗಾಗಿ. ಕೆಸರು ಮೆತ್ತಿದ ಹರಳನ್ನು ಏನು ಮಾಡುತ್ತೀರಿ? ನೀರಿನಲ್ಲಿ ತೊಳೆಯುತ್ತೀರಿ. ತೊಳೆದರೆ ಹರಳು ಕರಗಲು ಶುರು! ಅದಕ್ಕೇ ಕೆರೆಯ ದಪ್ಪ ಉಪ್ಪುನೀರಿನಲ್ಲೇ ತೊಳೆಯಬೇಕು. ಆಮೇಲೆ ಒರೆಸಿ, ಮಗುವಿನ ಮೈಗೆ ಹಚ್ಚುವ ಎಣ್ಣೆಯನ್ನು ಹಚ್ಚುತ್ತಾರೆ. ಕಲ್ಲಿಗೆ ಎಣ್ಣೆನೀರು, ಬಾಣಂತನವೇ ಸರಿ!

ಮರುದಿನ ಗುಲಾಬಿ ಉಪ್ಪಿನ ಬೇಟೆ. ಹೌದು, ಗುಲಾಬಿ! ಹಾರೆ ಹಿಡಿದು ಉಪ್ಪುನೀರಿಗೆ ಇಳಿದು ಹೆಪ್ಪುಗಟ್ಟಿದ ಉಪ್ಪನ್ನು ಕಿತ್ತು ತೆಗೆಯಬೇಕು. ಬಿಸಿಲಿನಲ್ಲಿ ಗುಲಾಬಿ ಹೂವಿನ ರಾಶಿಯಂತೆ ಹೊಳೆಯುತ್ತದೆ. ಬಣ್ಣ ಕೊಟ್ಟವರು ಯಾರು ಗೊತ್ತೇ? ಕಡು ಉಪ್ಪಿನಲ್ಲೇ ಬದುಕುವ ಕಣ್ಣಿಗೆ ಕಾಣದ ಜೀವಿಗಳು!

ಕೈಯಲ್ಲಿ ಸಣ್ಣ ಗಾಯ ಇದ್ದರೆ ಮುಗಿಯಿತು. ಗಾಯಕ್ಕೆ ಉಪ್ಪು ಸವರುವುದು ಅನ್ನುವ ಮಾತಿನ ಅರ್ಥ ಅಲ್ಲಿ ಸರಿಯಾಗಿ ತಿಳಿಯುತ್ತದೆ! ಒದ್ದೆ ಪ್ಯಾಂಟು ಒಣಗಿದ ಮೇಲೆ ಉಪ್ಪು ಕಟ್ಟಿ ಹಲಗೆಯಂತೆ ನಿಲ್ಲುತ್ತದೆ. ಆ ಉಪ್ಪುಗಲ್ಲನ್ನು ನಮ್ಮ ಉಡುಪಿಗೆ ತಂದು ಆಷಾಢದಲ್ಲಿ ಹೊರಗಿಟ್ಟರೆ ಕಲ್ಲೇ ಬೆವರೀತು.

ಇಷ್ಟು ಹೊತ್ತು ಇದೆಲ್ಲ ಯಾರದೋ ದೂರದ ಕಥೆ ಅಂದುಕೊಂಡಿರಾ? ಆ ಕೆರೆಯಿಂದ ಸೋಡಾ, ಬೋರಾಕ್ಸ್ ತೆಗೆಯುವ ಕಂಪನಿಯನ್ನು 2007ರಲ್ಲಿ ಕೊಂಡವರು ಯಾರು, ಹೇಳಿ ನೋಡೋಣ. ನಮ್ಮ ನಿರ್ಮಾ! ಅದೇ, ಟೀವಿಯಲ್ಲಿ ಬಿಳಿ ಫ್ರಾಕಿನ ಹುಡುಗಿ ಗಿರಗಿರ ತಿರುಗುತ್ತಿದ್ದಳಲ್ಲ, ಆ ಅಹಮದಾಬಾದಿನ ನಿರ್ಮಾ! ಅಮೆರಿಕದ ಅಜ್ಜಿಯರು ಬಟ್ಟೆ ಕೊಳೆ ಮಾಡಿಕೊಳ್ಳುವ ಕೆಸರು ಸೋಪಿನ ಪುಡಿಯವರದು. ಇದಕ್ಕಿಂತ ಚಂದದ ಹೊಂದಾಣಿಕೆ ಬೇಕೇ?

ರಾತ್ರಿ ಕಲ್ಲು ಹೆಕ್ಕುವವರೂ ಇದ್ದಾರೆ! ನ್ಯೂಜೆರ್ಸಿಯ ಫ್ರಾಂಕ್ಲಿನ್ನಿನಲ್ಲಿ ಹಳೆಯ ಸತುವಿನ ಗಣಿಗಳಿವೆ. ಅಲ್ಲಿನ ಕಲ್ಲು ಹಗಲಿನಲ್ಲಿ ಬೂದುಬಣ್ಣದ ಬಡಪಾಯಿ. ಕತ್ತಲಲ್ಲಿ ನೇರಳಾತೀತ ದೀಪ ಹಿಡಿಯಿರಿ. ಬೆಂಕಿಯಂಥ ಕೆಂಪು, ಗಿಳಿಹಸಿರು! ಕೆಂಪು ಕ್ಯಾಲ್ಸೈಟಿನದು, ಹಸಿರು ವಿಲ್ಲೆಮೈಟಿನದು. ನಮ್ಮ ಕುಂಕುಮ, ಬಾಳೆಲೆ ನೆನಪಾಗುವಷ್ಟು ಗಾಢ.

ಆ ಒಂದು ಊರಿನ ಸುತ್ತಮುತ್ತ 350ಕ್ಕೂ ಹೆಚ್ಚು ಬಗೆಯ ಖನಿಜಗಳು ಸಿಕ್ಕಿವೆ. ಅದರಲ್ಲಿ ಹೊಳೆಯುವವೇ ಸುಮಾರು 90! ಅಲ್ಲಿ ಹಗಲಿನಲ್ಲಿ ಹೋದವರು ತಲೆಯ ಮೇಲೆ ಕರಿ ಕಂಬಳಿ ಹೊದ್ದು, ಒಳಗೆ ದೀಪ ಹಚ್ಚಿ ಕಲ್ಲು ನೋಡುತ್ತಾರೆ. ದೂರದಿಂದ ನೋಡಿದವರು ಏನೆಂದುಕೊಳ್ಳುತ್ತಾರೋ!

ಮರುಭೂಮಿಯಲ್ಲಿ ಹೀಗೆ ದೀಪ ಹಿಡಿದು ಹೊರಟವರಿಗೆ ಒಂದು ಎಚ್ಚರಿಕೆ ಇದೆ. ನೆಲದಲ್ಲಿ ಹಸಿರುನೀಲಿಯಾಗಿ ಏನೋ ಫಳ್ಳೆಂದರೆ ಕೈ ಹಾಕಬೇಡಿ. ಅದು ನಡೆದಾಡಬಹುದು! ಚೇಳೂ ನೇರಳಾತೀತ ಬೆಳಕಿನಲ್ಲಿ ಹೊಳೆಯುತ್ತದೆ!

ಬೆಳಕನ್ನು ಕಂಡರೆ ಹೆದರುವ ಕಲ್ಲುಗಳೂ ಇವೆ. ರಿಯಲ್ಗಾರ್ ಅಂತ ಒಂದು, ಮಾಣಿಕ್ಯದಂಥ ಕೆಂಪು. ಬಹಳ ದಿನ ಬೆಳಕಿಗಿಟ್ಟರೆ ಹಳದಿ ಪುಡಿ! ಅದನ್ನು ಕೊಂಡವರು ಕತ್ತಲೆ ಡ್ರಾಯರಿನಲ್ಲೇ ಇಡುತ್ತಾರೆ. ನೋಡಲಿಕ್ಕೆಂದು ದುಡ್ಡು ಕೊಟ್ಟು ತಂದು, ನೋಡದೆ ಮುಚ್ಚಿಡುವುದು!

ಸಂಘದ ಜಾತ್ರೆ ಬೆಳೆದರೆ ಎಷ್ಟು ಬೆಳೆಯಬಹುದು? ಅರಿಜೋನಾದ ಟೂಸಾನ್ ಊರಿನ ಸಂಘ 1955ರಲ್ಲಿ ಒಂದು ಪ್ರಾಥಮಿಕ ಶಾಲೆಯಲ್ಲಿ ಕಲ್ಲಿನ ಪ್ರದರ್ಶನ ಇಟ್ಟಿತು. ಬೆರಳೆಣಿಕೆಯ ವ್ಯಾಪಾರಿಗಳು, ಪ್ರವೇಶ ಬಿಟ್ಟಿ. ಈಗ? ಪ್ರತಿ ವರ್ಷ ಪ್ರದರ್ಶನದ ಹೊತ್ತಿಗೆ ಊರಿಗೆ ಊರೇ ಕಲ್ಲಿನ ಸಂತೆ! ಒಂದರ ಸುತ್ತ ಹತ್ತಾರು ಪ್ರದರ್ಶನಗಳು ಹುಟ್ಟಿಕೊಂಡಿವೆ.

ಹೋಟೆಲಿನ ಕೋಣೆಗಳೇ ಅಂಗಡಿಗಳಾಗುತ್ತವೆ. ಮಂಚದ ಮೇಲೆ ಕಲ್ಲು, ಕಿಟಕಿಯಲ್ಲಿ ಕಲ್ಲು, ಸ್ನಾನದ ಮನೆಯಲ್ಲೂ ಕಲ್ಲು! ವ್ಯಾಪಾರಿ ಎಲ್ಲಿ ಮಲಗುತ್ತಾನೆ ಅಂತ ಕೇಳಬೇಡಿ. ಮೂಲ ಪ್ರದರ್ಶನವನ್ನು ಮಾತ್ರ ಇಂದಿಗೂ ಅದೇ ಸಂಘದ ಸ್ವಯಂಸೇವಕರು ನಡೆಸುತ್ತಾರೆ.

ಇಂಥ ಜಾತ್ರೆಗಳಲ್ಲಿ ಕಲ್ಲಿನ ಊಟದ ಮೇಜು ಒಂದು ಕಾಣಸಿಗುತ್ತದೆ. ತಟ್ಟೆಯಲ್ಲಿ ಬ್ರೆಡ್ಡು, ಆಲೂಗಡ್ಡೆ, ಮೊಟ್ಟೆ, ಮಾಂಸ, ಕೇಕು. ಎಲ್ಲವೂ ಕಲ್ಲು! ತೈಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದಲ್ಲಂತೂ ಚರ್ಮ, ಕೊಬ್ಬಿನ ಪದರ ಸಮೇತ ಹಂದಿಮಾಂಸದ ತುಂಡಿನಂತೆಯೇ ಕಾಣುವ ಒಂದು ಜಾಸ್ಪರ್ ಕಲ್ಲಿದೆ. ಜನ ಸಾಲು ನಿಂತು ನೋಡುತ್ತಾರೆ!

ಒರೆಗಾನ್ ರಾಜ್ಯದಲ್ಲಿ 'ಮದ್ರಾಸ್' ಅಂತ ಒಂದು ಊರಿದೆ! ನಮ್ಮ ಮದ್ರಾಸ್ ಬಟ್ಟೆಯಿಂದ ಆ ಹೆಸರು ಬಂತು ಎಂದು ಒಂದು ಕಥೆ. ನಮ್ಮ ಮದ್ರಾಸು ಚೆನ್ನೈ ಆದರೂ ಅವರದು ಮದ್ರಾಸಾಗಿಯೇ ಉಳಿದಿದೆ. ಬೇಸಗೆಯಲ್ಲಿ ಅಲ್ಲೂ ಕಲ್ಲುಹುಚ್ಚರ ದೊಡ್ಡ ಜಾತ್ರೆ. ಅಲ್ಲಿನ ಹೆಸರುವಾಸಿ ಕಲ್ಲು 'ಥಂಡರ್‌ಎಗ್', ಅಂದರೆ ಗುಡುಗಿನ ಮೊಟ್ಟೆ! ಹೊರಗೆ ಒರಟು ಉಂಡೆ, ಕೊಯ್ದರೆ ಒಳಗೆ ಚಿತ್ತಾರ.

ಅದೇ ಒರೆಗಾನಿನಲ್ಲಿ ಕಡುನೀಲಿಯ ಕ್ಯಾವನ್ಸೈಟ್ ಎಂಬ ಖನಿಜ ಮೊದಲು ಸಿಕ್ಕಿತು. ಸಿಕ್ಕಿದ್ದು ಚೂರುಪಾರು. ಜಗತ್ತೇ ಬೆರಗಾಗುವಂಥ ಹರಳುಗಳು ಬಂದದ್ದು ಎಲ್ಲಿಂದ? ನಮ್ಮ ನೆರೆಯ ಪುಣೆಯ ವಾಘೋಲಿ ಕ್ವಾರಿಯಿಂದ! ಜಲ್ಲಿ ಒಡೆಯುವ ಜಾಗ. ರಸ್ತೆಗೆ ಹಾಸಬೇಕಾದ ಕಲ್ಲಿನ ಹೊಟ್ಟೆಯಲ್ಲಿ ನವಿಲುಗರಿಯ ನೀಲಿ! ಇಂದು ದೇಶದೇಶದ ಸಂಗ್ರಹಗಳಲ್ಲಿ ವಾಘೋಲಿಯ ಹೆಸರಿನ ಚೀಟಿ ಇದೆ.

ಸಿಕ್ಕಿದ್ದನ್ನೆಲ್ಲ ಹೊತ್ತು ತರಬಹುದೇ? ಇಲ್ಲ! ಅಮೆರಿಕದ ಸರ್ಕಾರಿ ಜಮೀನಿನಲ್ಲಿ ಕಲ್ಲಾದ ಮರದ ತುಂಡು ಎತ್ತಲು ಲೆಕ್ಕವಿದೆ: ದಿನಕ್ಕೆ 25 ಪೌಂಡು, ಜೊತೆಗೆ ಒಂದು ತುಂಡು. ವರ್ಷಕ್ಕೆ 250 ಪೌಂಡು ದಾಟಬಾರದು. ನ್ಯೂ ಮೆಕ್ಸಿಕೋದಲ್ಲಿ ಒಂದು ಉದ್ಯಾನವಿದೆ, ಹೆಸರೇ ರಾಕ್‌ಹೌಂಡ್ ಸ್ಟೇಟ್ ಪಾರ್ಕ್. ಉದ್ಯಾನದ ಕಲ್ಲು ಮುಟ್ಟಬಾರದು ಅನ್ನುವುದು ರೂಢಿ, ಅಲ್ಲಿ ಉಲ್ಟಾ! ಬಂದವರು 15 ಪೌಂಡಿನವರೆಗೆ ಕಲ್ಲು ಒಯ್ಯಬಹುದು!

ಅರಿಜೋನಾದ ಪೆಟ್ರಿಫೈಡ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನದಲ್ಲಿ ಮಾತ್ರ ಒಂದು ಚೂರೂ ಮುಟ್ಟುವಂತಿಲ್ಲ. ಕದ್ದವರು ಏನು ಮಾಡುತ್ತಾರೆ ಗೊತ್ತೇ? ಎಷ್ಟೋ ವರ್ಷದ ಮೇಲೆ ಅಂಚೆಯಲ್ಲಿ ಕಲ್ಲನ್ನು ವಾಪಸ್ ಕಳಿಸುತ್ತಾರೆ! ಜೊತೆಗೊಂದು ಕಾಗದ: ಕಲ್ಲು ತಂದಾಗಿನಿಂದ ಕೆಟ್ಟದ್ದೇ ಆಗುತ್ತಿದೆ, ಕ್ಷಮಿಸಿ ಅಂತ. ಹಾಗೆ ಮರಳಿ ಬಂದ ಕಲ್ಲುಗಳದ್ದೇ ಅಲ್ಲೊಂದು ಗುಡ್ಡೆಯಾಗಿದೆ. ಅದಕ್ಕೆ 'ಮನಸ್ಸಾಕ್ಷಿಯ ಗುಡ್ಡೆ' ಎಂದೇ ಹೆಸರು!

ಅಂಚೆ ಅಂದಾಗ ನೆನಪಾಯಿತು. ನಮ್ಮ ಕೃಷ್ಣಾ ನದಿಯ ದಂಡೆಯ ಕೊಲ್ಲೂರು ಗಣಿಯದೆಂದು ಹೇಳುವ ಹೋಪ್ ವಜ್ರ 1958ರಲ್ಲಿ ಸ್ಮಿತ್ಸೋನಿಯನ್ ಸಂಗ್ರಹಾಲಯ ಸೇರಿದ್ದು ಹೇಗೆ? ಪೊಲೀಸ್ ಪಡೆಯ ನಡುವೆಯೇ? ಊಹೂಂ, ರಿಜಿಸ್ಟರ್ಡ್ ಪೋಸ್ಟಿನಲ್ಲಿ! ಅಂಚೆ ಖರ್ಚು 2 ಡಾಲರ್ 44 ಸೆಂಟು. ವಿಮೆಯೂ ಸೇರಿ ಒಟ್ಟು 145 ಡಾಲರ್ 29 ಸೆಂಟು. ಅಷ್ಟೇ!

ಆ ಸ್ಮಿತ್ಸೋನಿಯನ್ನಿಗೆ ಹಣ ಬಿಟ್ಟುಹೋದ ಜೇಮ್ಸ್ ಸ್ಮಿತ್ಸನ್ ಕೂಡ ಕಲ್ಲುಹುಚ್ಚನೇ. ಇಂಗ್ಲೆಂಡಿನವ. ಬದುಕಿದ್ದಾಗ ಒಮ್ಮೆಯೂ ಅಮೆರಿಕಕ್ಕೆ ಹೋಗಲಿಲ್ಲ! ಅವನ ಮೂಳೆಗಳು ಹೋದವು, 1904ರಲ್ಲಿ. ಒಯ್ದವರು ಟೆಲಿಫೋನಿನ ಗ್ರಹಾಂ ಬೆಲ್! ಅವನ ಕಲ್ಲಿನ ಸಂಗ್ರಹ 1865ರ ಬೆಂಕಿಯಲ್ಲಿ ಹಾಳಾಯಿತು. ಹೆಸರು ಮಾತ್ರ ಸ್ಮಿತ್ಸೋನೈಟ್ ಎಂಬ ಖನಿಜದಲ್ಲಿ ಗಟ್ಟಿಯಾಗಿ ಉಳಿದಿದೆ.

ನಮ್ಮೂರಿನ ಹೆಸರಿನ ಖನಿಜ ಯಾವುದೂ ಇಲ್ಲವೇ ಅಂತ ಮುಖ ಸಪ್ಪಗೆ ಮಾಡಬೇಡಿ. ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯಿಂದ ಬಂದ ಹೆಸರು 'ಬಾಬಾಬುಡನೈಟ್' ಹಳೆಯ ಖನಿಜ ಪುಸ್ತಕಗಳಲ್ಲಿ ಇದೆ! ಈಗ ಅದನ್ನು ಮ್ಯಾಗ್ನೀಸಿಯೋ-ರೀಬೆಕೈಟ್ ಎಂಬ ಇನ್ನೊಂದು ಹೆಸರಿನಲ್ಲಿ ಸೇರಿಸಿಬಿಟ್ಟಿದ್ದಾರೆ. ನನ್ನ ಕಿವಿಗೆ ಹಳೆಯದೇ ಇಂಪು.

ಬಿಳಿಗಿರಿರಂಗನ ಬೆಟ್ಟ ಹತ್ತಿದ್ದೀರಾ? ಅಲ್ಲಿನ ಕಪ್ಪುಕಲ್ಲು ಚಾರ್ನೊಕೈಟ್. ಅದಕ್ಕೆ ಹೆಸರು ಬಂದದ್ದು ಒಂದು ಗೋರಿಯಿಂದ! ಕೋಲ್ಕತದಲ್ಲಿ ಸಮಾಧಿಯಾದ ಜಾಬ್ ಚಾರ್ನಾಕ್ ಎಂಬಾತನ ಗೋರಿಕಲ್ಲು ಈ ಜಾತಿಯದು. ಅದನ್ನು ಕಂಡೇ ಭೂವಿಜ್ಞಾನಿ ಥಾಮಸ್ ಹಾಲೆಂಡ್ ಹೆಸರಿಟ್ಟರು. ರಂಗನಾಥನ ಬೆಟ್ಟದ ಕಲ್ಲಿಗೆ ಕಂಪನಿ ಸರ್ಕಾರದ ವ್ಯಾಪಾರಿಯ ಹೆಸರು!

ಸಂಘದ ಮಕ್ಕಳಿಗೆ ಮೊದಲು ಕಲಿಸುವುದು ಗೀರುವ ಆಟ. ಉಗುರಿನಿಂದ ಗೀರು, ತಾಮ್ರದಿಂದ ಗೀರು, ಗಾಜಿನ ಮೇಲೆ ಗೀರು. 1812ರಲ್ಲಿ ಫ್ರೆಡ್ರಿಕ್ ಮೋಸ್ ಮಾಡಿದ ಒಂದರಿಂದ ಹತ್ತರ ಗಟ್ಟಿತನದ ಏಣಿ ಅದು. ಮೇಲಿನ ಮೆಟ್ಟಿಲಲ್ಲಿ ವಜ್ರ, ಕೆಳಗಿನದರಲ್ಲಿ ಟ್ಯಾಲ್ಕ್. ಆ ಟ್ಯಾಲ್ಕೇ ನಮ್ಮ ಬಳಪದ ಕಲ್ಲಿನ ಜೀವಾಳ! ಬೇಲೂರು, ಹಳೇಬೀಡಿನ ಶಿಲಾಬಾಲಿಕೆಯರ ಬಳೆಯ ಕುಸುರಿ ಅಷ್ಟು ನಯವಾದದ್ದೂ ಆ ಮೆತ್ತನೆಯ ಕಲ್ಲಿನಿಂದಲೇ.

ಕಡೆಯದೊಂದು, ನನ್ನ ಜೇಬಿನಲ್ಲಿ ಉಳಿಸಿಕೊಂಡದ್ದು. ಜರ್ಮನಿಯ ಮಹಾಕವಿ ಗಯಟೆ ಗೊತ್ತಲ್ಲ, ಶಾಕುಂತಲವನ್ನು ಓದಿ ಮರುಳಾದವರು. ಅವರ ಮನೆಯಲ್ಲಿ ಸುಮಾರು 18,000 ಕಲ್ಲುಗಳಿದ್ದವು! 1806ರಲ್ಲಿ ಕಬ್ಬಿಣದ ಒಂದು ಖನಿಜಕ್ಕೆ ಅವರ ಗೌರವಾರ್ಥ ಗೋಥೈಟ್ ಎಂದು ಹೆಸರಿಟ್ಟರು. ಅದು ನಮ್ಮ ಕರಾವಳಿಯ ಮುರಕಲ್ಲಿನಲ್ಲಿ ಧಾರಾಳವಾಗಿ ಇದೆ. ನೀವು ಮಂಗಳೂರು ಕಡೆಯವರಾದರೆ ಒಮ್ಮೆ ಹೊರಗೆ ಹೋಗಿ ಕಾಂಪೌಂಡಿನ ಗೋಡೆ ಮುಟ್ಟಿ ನೋಡಿ. ಗಯಟೆ ಅಲ್ಲೇ ಇದ್ದಾರೆ!